ತಿದ್ದಿದ ತಲೆಬುರುಡೆಯನ್ನು ಅಳೆಯುವ ಬಗೆ

ಹಸುಗೂಸಿನ ನೆತ್ತಿಯ ಮೇಲೆ ಮೆಲ್ಲನೆ ಬೆರಳಿಟ್ಟರೆ ಮೂಳೆಯ ಗಡಸು ಕೈಗೆ ತಗಲುವುದಿಲ್ಲ. ಚರ್ಮದ ಕೆಳಗೆ ಏನೋ ಮಿಡಿಯುವುದು ಮಾತ್ರ ತಿಳಿಯುತ್ತದೆ. ಎಣ್ಣೆ ಒತ್ತುವ ಅಜ್ಜಿಯರು ಆ ಜಾಗಕ್ಕೆ ಬಂದಾಗ ಕೈಯನ್ನು ಹಗುರ ಮಾಡುವುದು ಸುಮ್ಮನೆ ಅಲ್ಲ. ದೊಡ್ಡವರ ತಲೆಬುರುಡೆ ಬೋರಲು ಹಾಕಿದ ಒಂದೇ ಗಡಿಗೆಯಂತೆ ತೋರಿದರೂ ಎಳೆಯ ಮಗುವಿನ ಬುರುಡೆ ಬಿಡಿ ಹಲಗೆಗಳ ಜೋಡಣೆ. ಹಣೆಗೆ ಎರಡು, ನೆತ್ತಿಯ ಎರಡು ಮಗ್ಗುಲಿಗೆ ಒಂದೊಂದು, ಹಿಂದಲೆಗೆ ಒಂದು, ಕಣತಲೆಗಳಲ್ಲಿ ಮತ್ತೆ ಒಂದೊಂದು. ಈ ಹಲಗೆಗಳ ನಡುವೆ ಗಟ್ಟಿಯಾದ ನಾರಿನ ಸಂದುಗಳಿವೆ. ಅಂಗರಚನಾಶಾಸ್ತ್ರಜ್ಞರು ಇವನ್ನು ಹೊಲಿಗೆಗಳೆಂದು ಕರೆದಿದ್ದಾರೆ. ಹೆಸರು ಒಪ್ಪುವಂಥದೇ: ಒಣಗಿದ ಬುರುಡೆಯ ಮೇಲೆ ಅವು ಅವಸರದಲ್ಲಿ ಹಾಕಿದ ಅಂಕುಡೊಂಕು ಹೊಲಿಗೆಯಂತೆಯೇ ಕಾಣುತ್ತವೆ. ಹೊಲಿಗೆಗಳು ಕೂಡುವ ಅಗಲವಾದ ಎಡೆಯೇ ಮಿಡಿಯುವ ನೆತ್ತಿ.

ಈ ಏರ್ಪಾಡು ಎರಡು ಕಾರಣಗಳಿಂದ ಅಗತ್ಯ. ಹೆರಿಗೆಯ ಇಕ್ಕಟ್ಟಾದ ದಾರಿಯಲ್ಲಿ ಹಲಗೆಗಳು ಒಂದರ ಮೇಲೊಂದು ಸ್ವಲ್ಪ ಜರುಗಿ ತಲೆ ಹೊರಬರಲು ನೆರವಾಗಬೇಕು. ಆದರೆ ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದುದು. ಹುಟ್ಟಿದ ಮಗುವಿನ ಮಿದುಳು ಸುಮಾರು 350ರಿಂದ 400 ಗ್ರಾಂ ತೂಗುತ್ತದೆ. ಒಂದು ವರ್ಷದಲ್ಲಿ ಅದು ಇಮ್ಮಡಿಗಿಂತ ಹೆಚ್ಚಾಗಿ, ಎರಡು ವರ್ಷ ತುಂಬುವ ಹೊತ್ತಿಗೆ ದೊಡ್ಡವರ ಮಿದುಳಿನ ಐದರಲ್ಲಿ ನಾಲ್ಕು ಪಾಲಿನಷ್ಟಾಗುತ್ತದೆ. ಹುಟ್ಟುವಾಗ 35 ಸೆಂಟಿಮೀಟರಿನಷ್ಟಿದ್ದ ತಲೆಯ ಸುತ್ತಳತೆ ಮೊದಲ ಹುಟ್ಟುಹಬ್ಬಕ್ಕೆ 46ರ ಹತ್ತಿರ ಬಂದಿರುತ್ತದೆ. ದೇಹದ ಇನ್ನಾವ ಅಂಗವೂ ಮೂಳೆಯ ಪೆಟ್ಟಿಗೆಯೊಳಗೆ ಕುಳಿತು ಇಷ್ಟು ವೇಗವಾಗಿ ಬೆಳೆಯುವುದಿಲ್ಲ. ಮಿದುಳು ಒಳಗಿನಿಂದ ಒತ್ತುತ್ತದೆ, ಹೊಲಿಗೆ ಸಡಿಲುತ್ತದೆ, ಸಡಿಲಿದ ಅಂಚಿನಲ್ಲಿ ಹೊಸ ಮೂಳೆ ಕೂಡಿಕೊಳ್ಳುತ್ತದೆ. ಹಣೆಯ ನಡುವಿನ ಹೊಲಿಗೆಯೊಂದು ಮೊದಲ ವರ್ಷದಲ್ಲಿಯೇ ಬೆಸೆದುಕೊಳ್ಳುವುದು ಸಹಜ. ಉಳಿದವು ಮನುಷ್ಯನು ಪ್ರಾಯಕ್ಕೆ ಬಂದು ಬಹುಕಾಲ ಕಳೆಯುವವರೆಗೆ ಪೂರ್ತಿಯಾಗಿ ಮುಚ್ಚುವುದಿಲ್ಲ.

ಹಾಗಲ್ಲದೆ ಯಾವುದಾದರೂ ಒಂದು ಹೊಲಿಗೆ ತಾಯ ಹೊಟ್ಟೆಯಲ್ಲಿಯೇ ಬೆಸೆದುಹೋದರೆ? ಇದು ಕೇವಲ ಊಹೆಯ ಪ್ರಶ್ನೆಯಲ್ಲ. ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಜರ್ಮನಿಯ ರುಡೋಲ್ಫ್ ವಿರ್ಕೋ ಎಂಬ ಮಹಾ ವೈದ್ಯನು 1851ರಲ್ಲಿಯೇ ಇದರ ನಿಯಮವನ್ನು ಕಂಡುಕೊಂಡನು: ಬೆಸೆದ ಹೊಲಿಗೆಗೆ ಅಡ್ಡಲಾಗಿ ಬುರುಡೆ ಬೆಳೆಯಲಾರದು, ಆ ಕೊರತೆಯನ್ನು ತುಂಬಲು ಹೊಲಿಗೆಯ ಉದ್ದಕ್ಕೆ ಅದು ಹೆಚ್ಚಾಗಿ ಬೆಳೆಯುವುದು. ಹಣೆಯಿಂದ ಹಿಂದಲೆಗೆ ನೆತ್ತಿಯ ನಟ್ಟನಡುವೆ ಹಾಯುವ ಹೊಲಿಗೆಯನ್ನು ತೆಗೆದುಕೊಳ್ಳೋಣ. ಬೇಗ ಬೆಸೆಯುವ ಹೊಲಿಗೆಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಮೂರು ನಾಲ್ಕು ಪಟ್ಟು ಹೆಚ್ಚು. ಈ ಹೊಲಿಗೆ ಬೆಸೆದರೆ ತಲೆಯ ಅಗಲ ನಿಂತುಹೋಗುತ್ತದೆ, ಉದ್ದ ಬೆಳೆಯುತ್ತದೆ. ಹಣೆ ಮುಂದಕ್ಕೆ ಉಬ್ಬಿ, ಹಿಂದಲೆ ಹಿಂದಕ್ಕೆ ಚಾಚಿ, ಮೇಲಿನಿಂದ ನೋಡಿದವರಿಗೆ ತಲೆ ದೋಣಿಯಂತೆ ಕಾಣುತ್ತದೆ. ವೈದ್ಯರು ಇದಕ್ಕೆ ಇಟ್ಟಿರುವ ಗ್ರೀಕ್ ಹೆಸರಿಗೂ ಅದೇ ಅರ್ಥ. ಇತರ ಹೊಲಿಗೆಗಳು ಬೆಸೆದರೆ ಹಣೆ ಮುಕ್ಕೋನೆಯಾಗುವುದು, ಮುಖ ಒಂದು ಕಡೆಗೆ ವಾಲುವುದು ಮುಂತಾದ ಬೇರೆ ಬೇರೆ ವಿಕಾರಗಳು ಉಂಟು. ಈ ಲೇಖನದಲ್ಲಿ ನಾವು ದೋಣಿತಲೆಯನ್ನೇ ಮುಂದಿಟ್ಟುಕೊಂಡು ಮಾತನಾಡುತ್ತೇವೆ.

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಮಗುವಿನ ತಲೆಯನ್ನು ನೀವಿ ನೀವಿ ದುಂಡಗೆ ಮಾಡುವ, ಸಾಸಿವೆ ತುಂಬಿದ ದಿಂಬಿನ ಮೇಲೆ ಮಲಗಿಸುವ ವಾಡಿಕೆಯುಂಟು. ಒಂದೇ ಮಗ್ಗುಲಿಗೆ ಮಲಗಿ ಚಪ್ಪಟೆಯಾದ ತಲೆಯು ಮಗು ಹೊರಳಲು, ಕೂರಲು ಕಲಿತ ಮೇಲೆ ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ. ಕೀರ್ತಿ ದಿಂಬಿಗೆ ಸಲ್ಲುತ್ತದೆ. ಬೆಸೆದ ಹೊಲಿಗೆಯ ಕಥೆ ಬೇರೆ. ಅದನ್ನು ಯಾವ ನೀವುವಿಕೆಯೂ ಬಿಡಿಸಲಾರದು. ಈ ಎರಡನ್ನೂ ಒಂದೆಂದು ತಿಳಿದು ಕಾದು ಕುಳಿತು, ಶಸ್ತ್ರಚಿಕಿತ್ಸೆಗೆ ಅನುಕೂಲವಾದ ಮೊದಲ ವರ್ಷ ಕಳೆದುಹೋದ ಮೇಲೆ ಆಸ್ಪತ್ರೆಗೆ ಬರುವ ಮಕ್ಕಳು ನಮ್ಮ ದೇಶದಲ್ಲಿ ಕಡಿಮೆಯಲ್ಲ.

ಶಸ್ತ್ರದ ಕಥೆಯನ್ನು ಚಿಕ್ಕದಾಗಿ ಹೇಳಿಬಿಡಬಹುದು. 1890ರ ಸುಮಾರಿನಲ್ಲಿ ಪ್ಯಾರಿಸಿನ ಲಾನೆಲಾಂಗ್ ಮತ್ತು ಅಮೆರಿಕದ ಲೇನ್ ಎಂಬ ಶಸ್ತ್ರವೈದ್ಯರು ಮಕ್ಕಳ ಬುರುಡೆಯಿಂದ ಮೂಳೆಯ ಪಟ್ಟಿಯನ್ನು ಕತ್ತರಿಸಿ ತೆಗೆಯಲು ತೊಡಗಿದರು. ಆದರೆ ಆಗ ಹೊಲಿಗೆ ಬೆಸೆದ ಮಗು ಯಾವುದು, ಮಿದುಳೇ ಬೆಳೆಯದೆ ತಲೆ ಚಿಕ್ಕದಾಗಿ ಉಳಿದ ಮಗು ಯಾವುದು ಎಂಬ ವಿವೇಚನೆ ಇರಲಿಲ್ಲ. ಮಿದುಳು ಬೆಳೆಯದ ಮಕ್ಕಳ ಬುರುಡೆಯನ್ನು ಬಿಚ್ಚಿದರೆ ಪ್ರಯೋಜನವೇನು? ಹಲವು ಮಕ್ಕಳು ಸತ್ತರು. ನ್ಯೂಯಾರ್ಕಿನ ಮಕ್ಕಳ ವೈದ್ಯ ಅಬ್ರಹಾಂ ಜಕೋಬಿ ಈ ಚಿಕಿತ್ಸೆಯನ್ನು 1894ರಲ್ಲಿ ಉಗ್ರವಾಗಿ ಖಂಡಿಸಿದ ಮೇಲೆ ಅದು ಮೂಲೆಗೆ ಬಿದ್ದಿತು. 1927ರಲ್ಲಿ ಕ್ಯಾಲಿಫೋರ್ನಿಯದ ಫೇಬರ್ ಮತ್ತು ಟೌನ್, ರೋಗಿಗಳನ್ನು ಸರಿಯಾಗಿ ಆರಿಸಿ ಎಳೆಯ ವಯಸ್ಸಿನಲ್ಲಿಯೇ ಮಾಡಿದರೆ ಚಿಕಿತ್ಸೆ ಫಲಿಸುವುದೆಂದು ತೋರಿಸಿದರು. 1967ರಲ್ಲಿ ಫ್ರಾನ್ಸಿನ ಪಾಲ್ ಟೆಸಿಯೇ, ಬುರುಡೆಯನ್ನೂ ಮುಖದ ಮೂಳೆಗಳನ್ನೂ ಒಟ್ಟಿಗೆ ಬಿಡಿಸಿ ಹೊಸದಾಗಿ ಜೋಡಿಸುವ ವಿಧಾನವನ್ನು ರೋಮಿನ ಸಮ್ಮೇಳನದಲ್ಲಿ ಪ್ರದರ್ಶಿಸಿ ಬೆರಗುಗೊಳಿಸಿದನು. 1990ರ ದಶಕದ ಕೊನೆಯಲ್ಲಿ ಎರಡು ಹೊಸ ದಾರಿಗಳು ತೆರೆದವು. ಒಂದರಲ್ಲಿ ಎರಡು ಸಣ್ಣ ಗಾಯಗಳ ಮೂಲಕ ದರ್ಶಕ ನಳಿಗೆಯನ್ನು ತೂರಿಸಿ ಬೆಸೆದ ಪಟ್ಟಿಯನ್ನು ತೆಗೆಯುವುದು, ಆಮೇಲೆ ಮಗುವಿಗೆ ಹಲವು ತಿಂಗಳು ಅಳತೆಗೆ ತಕ್ಕ ಟೊಪ್ಪಿಗೆಯೊಂದನ್ನು ತೊಡಿಸಿ ಬೆಳೆವಣಿಗೆಗೆ ದಾರಿ ತೋರಿಸುವುದು. ಇನ್ನೊಂದು ಸ್ವೀಡನ್ನಿನ ಗೋಥೆನ್‌ಬರ್ಗಿನದು: ಕತ್ತರಿಸಿದ ಸಂದಿಯಲ್ಲಿ ಉಕ್ಕಿನ ಸ್ಪ್ರಿಂಗುಗಳನ್ನು ಸಿಕ್ಕಿಸಿ ಅವು ಮೂಳೆಗಳನ್ನು ಮೆಲ್ಲಮೆಲ್ಲನೆ ದೂಡುವಂತೆ ಮಾಡುವುದು. ಹಳೆಯ ರೀತಿಯಲ್ಲಿ ಬುರುಡೆಯ ಮೇಲ್ಭಾಗವನ್ನೆಲ್ಲ ಬಿಡಿಸಿ ಮರುಜೋಡಿಸುವವರೂ ಬೇಕಾದಷ್ಟು ಮಂದಿ ಇದ್ದಾರೆ.

ಮೂರು ತಿಂಗಳ, ಆರು ತಿಂಗಳ ಕೂಸಿನ ತಲೆಯನ್ನು ತೆರೆಯುವುದೆಂದರೆ ಸಾಮಾನ್ಯ ಸಾಹಸವಲ್ಲ. ಅಷ್ಟು ಪುಟ್ಟ ದೇಹದಲ್ಲಿರುವ ರಕ್ತವೇ ಅರ್ಧ ಲೀಟರಿನ ಆಸುಪಾಸು. ಅದರಲ್ಲಿ ಒಂದು ಲೋಟ ಹೋದರೂ ಅಪಾಯ. ಇಷ್ಟೆಲ್ಲ ಗಂಡಾಂತರವನ್ನು ದಾಟಿ ಮಗು ಮನೆಗೆ ಬಂದ ಮೇಲೆ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ: ಸರಿಹೋಯಿತೇ? ಮೂರು ನಾಲ್ಕು ವಿಧಾನಗಳಲ್ಲಿ ಯಾವುದನ್ನು ಆರಿಸಬೇಕೆಂದು ತಿಳಿಯದ ವೈದ್ಯನ ಪ್ರಶ್ನೆಯೂ ಅದೇ. ಉತ್ತರ ಹೇಳಲು ಅಳತೆ ಬೇಕು. ಆ ಅಳತೆಯೇ ನಮ್ಮ ವಿಷಯ.

ಕಣ್ಣು, ಕ್ಯಾಲಿಪರು, ಸೂಚ್ಯಂಕ

ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಕೆಲವರು ಕೇಳಿಯಾರು. ಗೊತ್ತಾಗುತ್ತದೆ, ಆದರೆ ನಂಬುವ ಹಾಗಿಲ್ಲ. ಶಸ್ತ್ರದ ಮರುವಾರ ತಲೆಯೆಲ್ಲ ಬಾತಿರುತ್ತದೆ, ಆಗ ಎಲ್ಲ ತಲೆಯೂ ದುಂಡಗೆ. ವರ್ಷ ಕಳೆದರೆ ಕೂದಲು ದಟ್ಟವಾಗಿ ಬೆಳೆದು ಡೊಂಕನ್ನೆಲ್ಲ ಮುಚ್ಚುತ್ತದೆ. ಶಸ್ತ್ರ ಮಾಡಿದವನ ಕಣ್ಣಿಗೆ ತನ್ನ ಕೆಲಸ ಚೆನ್ನಾಗಿ ಕಾಣುವುದೂ ಮನುಷ್ಯಸಹಜವೇ. ಅಮೆರಿಕದ ಶಸ್ತ್ರವೈದ್ಯ ವಿಟೇಕರ್ 1987ರಲ್ಲಿ ಫಲಿತಾಂಶಗಳನ್ನು ನಾಲ್ಕು ತರಗತಿಗಳಾಗಿ ವಿಂಗಡಿಸಿದನು: ಮತ್ತೆ ಏನೂ ಮಾಡಬೇಕಿಲ್ಲದ ತಲೆ ಮೊದಲನೆಯ ತರಗತಿಗೆ, ಇಡೀ ಶಸ್ತ್ರವನ್ನು ಮತ್ತೊಮ್ಮೆ ಮಾಡಬೇಕಾದದ್ದು ನಾಲ್ಕನೆಯದಕ್ಕೆ. ಬಹಳ ಕಾಲ ಜಗತ್ತಿನೆಲ್ಲೆಡೆ ಇದನ್ನೇ ಬಳಸಿದರು. ನಮಗೆ ಇದು ತಲೆಯ ಅಳತೆಗಿಂತ ವೈದ್ಯನ ಮನಸ್ಸಿನ ಅಳತೆಯೆಂದೇ ತೋರುತ್ತದೆ. ಮರುಶಸ್ತ್ರ ಬೇಕೋ ಬೇಡವೋ ಎಂದು ತೀರ್ಮಾನಿಸುವವನು ಅವನೇ ಅಲ್ಲವೇ?

ಆದ್ದರಿಂದ ಅಂಕಿಯ ಮೊರೆಹೋಗಬೇಕಾಯಿತು. ಅತ್ಯಂತ ಹಳೆಯ ಅಂಕಿಯನ್ನು ಸ್ವೀಡನ್ನಿನ ಆಂಡರ್ಸ್ ರೆಟ್ಸಿಯಸ್ 1842ರಲ್ಲಿ ಬಳಕೆಗೆ ತಂದನು. ತಲೆಯ ಅತಿ ಹೆಚ್ಚಿನ ಅಗಲವನ್ನು ಅತಿ ಹೆಚ್ಚಿನ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಇದನ್ನು ಕಪಾಲಾಂಕವೆಂದು ಕರೆಯೋಣ. ಐದು ತಿಂಗಳ ಕೂಸೊಂದರ ತಲೆ 15 ಸೆಂಟಿಮೀಟರು ಉದ್ದ, 10.2 ಸೆಂಟಿಮೀಟರು ಅಗಲ ಇದೆಯೆಂದು ಇಟ್ಟುಕೊಂಡರೆ ಕಪಾಲಾಂಕ 68. ಸಾಮಾನ್ಯ ಮಕ್ಕಳಲ್ಲಿ ಅದು 75ರಿಂದ 85ರ ನಡುವೆ ಇರುವುದರಿಂದ ಈ ಕೂಸಿನದು ದೋಣಿತಲೆ. ಶಸ್ತ್ರವಾಗಿ ವರ್ಷ ಕಳೆದ ಮೇಲೆ ಉದ್ದ 17, ಅಗಲ 13.1 ಆದರೆ ಕಪಾಲಾಂಕ 77. ಗೆದ್ದೆವು!

ಈ ಅಂಕಕ್ಕೆ ಒಂದು ಕೆಟ್ಟ ಚರಿತ್ರೆಯೂ ಉಂಟೆಂಬುದನ್ನು ಮರೆಯಲಾಗದು. ಸುಮಾರು ನೂರು ವರ್ಷಗಳ ಕಾಲ ಇದನ್ನು ಹಿಡಿದು ಮನುಷ್ಯರನ್ನು ಉದ್ದತಲೆಯ ಜನಾಂಗ, ಅಗಲತಲೆಯ ಜನಾಂಗ ಎಂದು ಬೇರ್ಪಡಿಸಿ ಮೇಲು ಕೀಳು ಎಣಿಸಿದವರು ಅನೇಕರು. ವಲಸೆಗಾರರ ಮಕ್ಕಳ ಕಪಾಲಾಂಕ ತಂದೆತಾಯಿಗಳದಕ್ಕಿಂತ ಬೇರೆಯಾಗುವುದನ್ನು ನ್ಯೂಯಾರ್ಕಿನಲ್ಲಿ ಫ್ರಾನ್ಸ್ ಬೋಆಸ್ 1911ರ ಸುಮಾರಿಗೆ ತೋರಿಸಿದ ಮೇಲೆ ಆ ಕಟ್ಟಡದ ಬುಡ ಅಲುಗಿತು. ಈಚಿನ ನಿದರ್ಶನವೂ ಇದೆ. ನಿದ್ದೆಯಲ್ಲಿ ಹಠಾತ್ತಾಗಿ ಸಾಯುವ ಕೂಸುಗಳ ಸಂಖ್ಯೆಯನ್ನು ಇಳಿಸಲು ಅಮೆರಿಕದ ಮಕ್ಕಳ ವೈದ್ಯರು 1992ರಿಂದ ಶಿಶುಗಳನ್ನು ಅಂಗಾತ ಮಲಗಿಸಲು ಹೇಳತೊಡಗಿದರು. ಸಾವು ಇಳಿಯಿತು, ಜೊತೆಗೆ ಅಲ್ಲಿನ ಮಕ್ಕಳ ಹಿಂದಲೆ ಚಪ್ಪಟೆಯಾಗಿ ಕಪಾಲಾಂಕ ಏರಿತು. ಹೀಗೆ ‘ಸಾಮಾನ್ಯ’ವೆಂಬುದೇ ಕದಲಿದರೆ, ಐವತ್ತು ವರ್ಷದ ಹಿಂದಿನ ಪಟ್ಟಿಯನ್ನು ಇಟ್ಟುಕೊಂಡು ಇಂದಿನ ಮಗುವನ್ನು ತೂಗುವುದು ಹೇಗೆ?

ಅಂಕದ ದೋಷ ಇನ್ನೂ ಆಳದಲ್ಲಿದೆ. ಉದ್ದ 16, ಅಗಲ 12 ಸೆಂಟಿಮೀಟರು ಇರುವ ಎರಡು ತಲೆಗಳನ್ನು ಊಹಿಸಿಕೊಳ್ಳಿ. ಎರಡರ ಕಪಾಲಾಂಕವೂ 75. ಒಂದರ ಅಗಲ ಕಿವಿಗಳ ಮೇಲೆ ಸರಿಯಾದ ಸ್ಥಾನದಲ್ಲಿದೆ. ಇನ್ನೊಂದರಲ್ಲಿ ಹಣೆ ಬುಗುಟೆಯಂತೆ ಉಬ್ಬಿದೆ, ನೆತ್ತಿಯ ಹಿಂಭಾಗ ತಗ್ಗಾಗಿದೆ. ತಾಯಿ ನೋಡಿದ ಕೂಡಲೆ ವ್ಯತ್ಯಾಸ ಹೇಳಿಯಾಳು; ಕಪಾಲಾಂಕ ಹೇಳಲಾರದು. ಎತ್ತರವನ್ನಂತೂ ಅದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಮೇಲಾಗಿ ಅಳುತ್ತ ಕೊಸರಾಡುವ ಮಗುವಿನ ತಲೆಗೆ ಕ್ಯಾಲಿಪರನ್ನು ಹಿಡಿದವನು ಅಗಲದಲ್ಲಿ ಎರಡೇ ಮಿಲಿಮೀಟರು ತಪ್ಪಿದರೂ ಅಂಕ ಒಂದಕ್ಕಿಂತ ಹೆಚ್ಚು ಕದಲುತ್ತದೆ. ಎರಡು ಶಸ್ತ್ರವಿಧಾನಗಳ ನಡುವೆ ವೈದ್ಯರು ವಾದಿಸುವ ವ್ಯತ್ಯಾಸವೇ ಅನೇಕ ವೇಳೆ ಮೂರು ನಾಲ್ಕು ಅಂಕಗಳದ್ದು.

ಬುರುಡೆಯೊಳಗಿನ ಚಿತ್ರ

ರಂಟ್‌ಗೆನ್ 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಬೆಸೆದ ಹೊಲಿಗೆಯನ್ನು ಚರ್ಮ ಬಿಡಿಸದೆ ನೋಡುವುದು ಸಾಧ್ಯವಾಯಿತು. ಆದರೆ ಕ್ಷ-ಕಿರಣದ ಚಿತ್ರ ನೆರಳು ಮಾತ್ರ. ಬುರುಡೆಯ ಎಡ ಬಲ, ಹಿಂದು ಮುಂದು ಎಲ್ಲವೂ ಒಂದೇ ಫಿಲ್ಮಿನ ಮೇಲೆ ಒಂದರ ಮೇಲೊಂದು ಬೀಳುತ್ತವೆ. ಕೆಲವು ಚಿತ್ರಗಳಲ್ಲಿ ಮೂಳೆಯ ಒಳಮೈ, ಕಂಚುಗಾರನು ಸುತ್ತಿಗೆಯಿಂದ ತಟ್ಟಿದ ತಾಮ್ರದ ಕೊಡದಂತೆ ತಗ್ಗು ತಗ್ಗಾಗಿ ಕಾಣುವುದುಂಟು. ವೈದ್ಯರೂ ಅದನ್ನು ‘ತಟ್ಟಿದ ತಾಮ್ರ’ವೆಂದೇ ಕರೆದು, ಒಳಗೆ ಮಿದುಳಿನ ಒತ್ತಡ ಹೆಚ್ಚಿದೆಯೆಂಬುದಕ್ಕೆ ಗುರುತೆಂದು ನಂಬಿದ್ದರು. ಆರೋಗ್ಯವಂತ ಮಕ್ಕಳಲ್ಲಿಯೂ ಅದು ಕಾಣುವುದರಿಂದ ಆ ನಂಬಿಕೆ ಸಡಿಲವಾಗಿದೆ.

ನಿಜವಾದ ತಿರುವು ಬಂದದ್ದು ಗ್ರಾಮೊಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇ.ಎಂ.ಐ. ಸಂಸ್ಥೆಯಿಂದ! ಅಲ್ಲಿ ಎಂಜಿನಿಯರಾಗಿದ್ದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯ ರೋಗಿಯೊಬ್ಬಳ ತಲೆಯ ಚಿತ್ರವನ್ನು ತೆಗೆಯಲಾಯಿತು. ಇದೇ ಇಂದಿನ ಸಿ.ಟಿ. ಇದರ ತತ್ತ್ವ ಕಷ್ಟವಲ್ಲ. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವಂತೆ ತಲೆಯನ್ನು ಮನಸ್ಸಿನಲ್ಲಿಯೇ ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿ, ಪ್ರತಿಯೊಂದು ಬಿಲ್ಲೆಯ ಮೂಲಕವೂ ಸುತ್ತಲಿನ ನೂರಾರು ದಿಕ್ಕುಗಳಿಂದ ಕ್ಷ-ಕಿರಣವನ್ನು ಹಾಯಿಸುವುದು. ಎಷ್ಟು ಕಿರಣ ಒಳಗೆ ಹೋಯಿತು, ಎಷ್ಟು ಹೊರಬಂದಿತು ಎಂಬ ಈ ನೂರಾರು ಲೆಕ್ಕಗಳಿಂದ, ಬಿಲ್ಲೆಯ ಯಾವ ಚುಕ್ಕೆ ಎಷ್ಟು ಕಿರಣವನ್ನು ಹೀರಿತೆಂಬುದನ್ನು ಗಣಕಯಂತ್ರ ಬಿಡಿಸಿ ಹೇಳುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ 1,000 ಕೆಳಗೆ, ಮೂಳೆಗೆ ನೂರಾರು ಅಂಶ ಮೇಲೆ. ಈ ಮಾನಕ್ಕೆ ಹೌನ್ಸ್‌ಫೀಲ್ಡನ ಹೆಸರೇ ನಿಂತಿದೆ. ಮೊದಲ ಯಂತ್ರದ ಬಿಲ್ಲೆಯಲ್ಲಿ ಅಡ್ಡ 80, ಉದ್ದ 80, ಒಟ್ಟು 6,400 ಚುಕ್ಕೆಗಳಿದ್ದವು. ಈಗ ವಾಡಿಕೆಯಲ್ಲಿರುವುದು 512ಕ್ಕೆ 512, ಎಂದರೆ ಎರಡೂವರೆ ಲಕ್ಷಕ್ಕೂ ಹೆಚ್ಚು. ಗಣಿತವನ್ನು ಮೊದಲೇ ಬಿಡಿಸಿಟ್ಟಿದ್ದ ಕಾರ್ಮ್ಯಾಕನೊಂದಿಗೆ ಹೌನ್ಸ್‌ಫೀಲ್ಡನಿಗೆ 1979ರ ನೊಬೆಲ್ ಪಾರಿತೋಷಕ ದೊರೆಯಿತು.

ಬಿಲ್ಲೆಗಳನ್ನು ಮತ್ತೆ ಒಂದರ ಮೇಲೊಂದು ಪೇರಿಸಿದರೆ ಇಡೀ ಬುರುಡೆ ಎದ್ದು ನಿಲ್ಲಬೇಕಲ್ಲವೇ? ಅಮೆರಿಕದ ಸೇಂಟ್ ಲೂಯಿಯಲ್ಲಿ ಕ್ಷ-ಕಿರಣ ತಜ್ಞ ವ್ಯಾನಿಯರ್ ಮತ್ತು ಶಸ್ತ್ರವೈದ್ಯ ಮಾರ್ಷ್ 1983ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಆಗಿನಿಂದ ವೈದ್ಯನು ಮಗುವಿನ ಬುರುಡೆಯನ್ನು ತೆರೆಯುವ ಮೊದಲೇ ಪರದೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಬಲ್ಲವನಾದನು. ಶಸ್ತ್ರವಾದ ಮೇಲೆ ಅದೇ ಬುರುಡೆಯನ್ನು ಮತ್ತೊಮ್ಮೆ ಎಬ್ಬಿಸಿ ಪಕ್ಕದಲ್ಲಿಟ್ಟು ಹೋಲಿಸಬಲ್ಲವನೂ ಆದನು.

ಹೋಲಿಸಬೇಕಾದದ್ದು ಯಾವುದನ್ನು? ಬುರುಡೆಯೊಳಗಿನ ಗಾತ್ರವನ್ನು ಎಂಬುದು ಮೊದಲಿಗೆ ಹೊಳೆಯುವ ಉತ್ತರ. ಒಣ ಬುರುಡೆಯ ಗಾತ್ರವನ್ನು ಅಳೆಯಲು ಫಿಲಡೆಲ್ಫಿಯದ ಸ್ಯಾಮ್ಯುಯೆಲ್ ಮಾರ್ಟನ್ 1830ರ ದಶಕದಲ್ಲಿ ಅದರೊಳಗೆ ಸಾಸಿವೆ ಕಾಳನ್ನು ಸುರಿದು ಆಮೇಲೆ ಕಾಳನ್ನು ಅಳೆದು ನೋಡುತ್ತಿದ್ದನು. ಅದುಮಿದಷ್ಟೂ ಸಾಸಿವೆ ಹಿಡಿಯುವುದನ್ನು ಕಂಡು ಬೇಸತ್ತು ಸೀಸದ ಗುಂಡುಗಳಿಗೆ ಬದಲಾಯಿಸಿದನು. ಈಗ ಸಾಸಿವೆಯ ಕೆಲಸವನ್ನು ಸಿ.ಟಿ. ಚಿತ್ರದ ಕಣಗಳೇ ಮಾಡುತ್ತವೆ. ಒಂದೊಂದು ಚುಕ್ಕೆಯೂ ಅರ್ಧ ಮಿಲಿಮೀಟರು ಅಗಲ, ಅರ್ಧ ಮಿಲಿಮೀಟರು ಉದ್ದ, ಬಿಲ್ಲೆಯ ದಪ್ಪ ಒಂದು ಮಿಲಿಮೀಟರು ಎಂದಾದರೆ ಒಂದು ಕಣದ ಗಾತ್ರ ಕಾಲು ಘನ ಮಿಲಿಮೀಟರು. ಬುರುಡೆಯ ಒಳಗೆ ಬೀಳುವ ಕಣಗಳು 40 ಲಕ್ಷವಾದರೆ ಗಾತ್ರ ಸರಿಯಾಗಿ ಒಂದು ಲೀಟರು. ಎಣಿಸುವುದು ಸುಲಭ; ಕಷ್ಟವಿರುವುದು ‘ಒಳಗೆ’ ಯಾವುದು ‘ಹೊರಗೆ’ ಯಾವುದು ಎಂಬ ಗೆರೆಯನ್ನು ಎಳೆಯುವುದರಲ್ಲಿ. ಶಸ್ತ್ರವಾದ ತಲೆಯಲ್ಲಿ ಮೂಳೆಯ ನಡುವೆ ಸಂದಿಗಳಿರುತ್ತವೆ, ಬುರುಡೆಯ ಬುಡದಲ್ಲಿ ನರಗಳೂ ಬೆನ್ನುಹುರಿಯೂ ಇಳಿಯುವ ರಂಧ್ರಗಳಿರುತ್ತವೆ. ಅಲ್ಲಿ ಯಂತ್ರ ಎಡವುತ್ತದೆ. ಮನುಷ್ಯನು ಗೆರೆಯನ್ನು ತಿದ್ದಬೇಕಾಗುತ್ತದೆ. ಇಬ್ಬರು ತಿದ್ದಿದರೆ ಎರಡು ಗಾತ್ರ ಬರುತ್ತದೆ.

ಗಾತ್ರವನ್ನು ಇಷ್ಟು ಕಷ್ಟಪಟ್ಟು ಅಳೆದವರಿಗೆ ದೋಣಿತಲೆಯ ಮಕ್ಕಳಲ್ಲಿ ಒಂದು ಅಚ್ಚರಿ ಕಾದಿತ್ತು. ಶಸ್ತ್ರಕ್ಕೆ ಮುಂಚೆಯೇ ಅವರ ಬುರುಡೆಯ ಗಾತ್ರ ಬಹುಮಟ್ಟಿಗೆ ಇತರ ಮಕ್ಕಳಷ್ಟೇ ಇರುತ್ತದೆ. ಕೆಲವು ವೇಳೆ ಸ್ವಲ್ಪ ಹೆಚ್ಚೇ ಇರುತ್ತದೆ. ವಿರ್ಕೋನ ನಿಯಮವನ್ನು ನೆನೆದರೆ ಇದು ಅರ್ಥವಾಗುತ್ತದೆ. ಅಗಲದಲ್ಲಿ ಕಳೆದುಕೊಂಡದ್ದನ್ನು ತಲೆ ಉದ್ದದಲ್ಲಿ ಗಳಿಸಿಕೊಂಡಿದೆ. ಹೀಗಿರುವಾಗ ಶಸ್ತ್ರದ ನಂತರ ಗಾತ್ರ ಹೆಚ್ಚಿತೆಂದು ಬೀಗುವುದರಲ್ಲಿ ಹುರುಳಿಲ್ಲ. ಬೆಳೆಯುವ ಮಗುವಿನ ತಲೆ ಶಸ್ತ್ರವಿರಲಿ ಇಲ್ಲದಿರಲಿ ಹೆಚ್ಚಲೇಬೇಕು.

ಇನ್ನು ಉಳಿಯುವುದು ಆಕಾರ. ಆಕಾರವನ್ನು ಅಂಕಿಗೆ ಇಳಿಸುವ ಗಣಿತಕ್ಕೆ ಗ್ರೀಕರ ಪುರಾಣದ ಒಬ್ಬ ದುರುಳನ ಹೆಸರಿದೆ. ಪ್ರೊಕ್ರಸ್ಟೀಸ್ ಎಂಬವನು ದಾರಿಹೋಕರನ್ನು ಮನೆಗೆ ಕರೆದು ತನ್ನ ಮಂಚದ ಮೇಲೆ ಮಲಗಿಸುತ್ತಿದ್ದನಂತೆ. ಮಂಚಕ್ಕಿಂತ ಗಿಡ್ಡನಾದವನನ್ನು ಎಳೆದು ಉದ್ದ ಮಾಡುವುದು, ಉದ್ದನಾದವನ ಕಾಲನ್ನು ಕತ್ತರಿಸುವುದು ಅವನ ಅತಿಥಿಸತ್ಕಾರ. ಗಣಿತಜ್ಞರು ಅಷ್ಟು ಕ್ರೂರಿಗಳಲ್ಲ. ಅವರು ಎರಡು ಬುರುಡೆಗಳನ್ನು ಒಂದರೊಳಗೊಂದು ಕೂರುವಂತೆ ಸರಿಸುತ್ತಾರೆ, ತಿರುಗಿಸುತ್ತಾರೆ, ಬೇಕಾದರೆ ಒಂದನ್ನು ಒಟ್ಟಾಗಿ ಹಿಗ್ಗಿಸುತ್ತಾರೆ ಅಥವಾ ಕುಗ್ಗಿಸುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಒಂದರ ಮೈ ಇನ್ನೊಂದರ ಮೈಯಿಂದ ಎಲ್ಲೆಲ್ಲಿ ಎಷ್ಟು ದೂರ ಉಳಿಯುತ್ತದೆಯೋ ಅದೇ ಆಕಾರದ ವ್ಯತ್ಯಾಸ.

ಹೋಲಿಕೆಗೆ ಬೇಕಾದ ‘ಮಂಚ’ ಯಾವುದು? ತಲೆಗೆ ಪೆಟ್ಟು ಬಿದ್ದು ಸಿ.ಟಿ. ಮಾಡಿಸಿಕೊಂಡು, ಬುರುಡೆಯಲ್ಲಿ ಯಾವ ದೋಷವೂ ಇಲ್ಲವೆಂದು ಮನೆಗೆ ಹೋದ ನೂರಾರು ಮಕ್ಕಳ ಚಿತ್ರಗಳನ್ನು ಕೂಡಿಸಿ, ವಯಸ್ಸಿಗೆ ಒಂದೊಂದರಂತೆ ಸರಾಸರಿ ಬುರುಡೆಗಳನ್ನು ಕಟ್ಟಿದ್ದಾರೆ. ಈ ಸರಾಸರಿಯ ಮೇಲೆ ಶಸ್ತ್ರವಾದ ಮಗುವಿನ ಬುರುಡೆಯನ್ನು ಕೂರಿಸಿ, ಹೊರಗೆ ಉಬ್ಬಿದ ಕಡೆ ಕೆಂಪು, ಒಳಗೆ ತಗ್ಗಿದ ಕಡೆ ನೀಲಿ, ಸರಿಯಾಗಿ ಹೊಂದಿದ ಕಡೆ ಹಸುರು ಬಳಿದರೆ ಭೂಪಟದಂಥ ಚಿತ್ರ ದೊರೆಯುತ್ತದೆ. ಮೊದಲು ಹೇಳಿದ ಎರಡು ತಲೆಗಳನ್ನು ಈ ಪಟದಲ್ಲಿ ಬರೆದರೆ, ಒಂದು ಬಹುಪಾಲು ಹಸುರಾಗಿಯೂ, ಇನ್ನೊಂದು ಹಣೆಯಲ್ಲಿ ಕೆಂಪು ನೆತ್ತಿಯ ಹಿಂದೆ ನೀಲಿ ಆಗಿಯೂ ಬಂದು ಕಪಾಲಾಂಕದ ಮೋಸ ಬಯಲಾಗುವುದು. ಇಲ್ಲಿಯೂ ಎಚ್ಚರ ಬೇಕು. ಬುರುಡೆಯನ್ನು ಯಾವ ಗೆರೆಗೆ ಹೊಂದಿಸಿ ಕೂರಿಸಿದೆವೆಂಬುದರ ಮೇಲೆ ಬಣ್ಣಗಳು ಬದಲಾಗುತ್ತವೆ. ಕಣ್ಣುಗೂಡಿನ ಕೆಳ ಅಂಚಿನಿಂದ ಕಿವಿರಂಧ್ರದ ಮೇಲಂಚಿಗೆ ಎಳೆದ ಸಮತಲವನ್ನು ಫ್ರಾಂಕ್‌ಫರ್ಟಿನಲ್ಲಿ ವಿದ್ವಾಂಸರು 1884ರಲ್ಲಿಯೇ ಒಪ್ಪಿಕೊಂಡಿದ್ದರು. ಅಂದಿನ ಒಪ್ಪಂದ ಇಂದಿನ ಗಣಕಕ್ಕೂ ಬೇಕಾಗಿದೆ.

ಓಡುವ ಗುರಿ, ಅಳತೆಯ ಬೆಲೆ

ಅಳತೆಯ ಉಪಕರಣ ಎಷ್ಟು ಚೆನ್ನಾಗಿದ್ದರೂ ಯಾವಾಗ ಅಳೆದೆವು, ಯಾರನ್ನು ಯಾರೊಡನೆ ಅಳೆದೆವು ಎಂಬುದರಲ್ಲಿ ಮೋಸಹೋಗಬಹುದು. ಶಸ್ತ್ರವಾದ ಕೆಲವು ತಿಂಗಳಿಗೆ ಕಪಾಲಾಂಕ ಅತಿ ಚೆನ್ನಾಗಿದ್ದು, ವರ್ಷಗಳು ಕಳೆದಂತೆ ಸ್ವಲ್ಪ ಹಿಂದಕ್ಕೆ ಜಾರುವುದನ್ನು ಅನೇಕ ಆಸ್ಪತ್ರೆಗಳು ಕಂಡಿವೆ. ಒಂದು ವಿಧಾನವನ್ನು ಆರನೆಯ ತಿಂಗಳಲ್ಲಿ ಅಳೆದು ಇನ್ನೊಂದನ್ನು ಐದನೆಯ ವರ್ಷದಲ್ಲಿ ಅಳೆದರೆ ಮೊದಲನೆಯದಕ್ಕೆ ಬಿಟ್ಟಿ ಜಯ. ನಳಿಗೆಯ ಶಸ್ತ್ರವನ್ನು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳ ಕೂಸುಗಳಿಗೂ, ಬಿಡಿಸಿ ಜೋಡಿಸುವ ಶಸ್ತ್ರವನ್ನು ಅದಕ್ಕಿಂತ ದೊಡ್ಡ ಮಕ್ಕಳಿಗೂ ಮಾಡುತ್ತಾರೆ. ಎರಡರ ಫಲಿತಾಂಶದಲ್ಲಿ ವ್ಯತ್ಯಾಸ ಕಂಡರೆ ಅದು ಶಸ್ತ್ರದ ಗುಣವೋ ವಯಸ್ಸಿನ ಗುಣವೋ? ಚೀಟಿ ಎತ್ತಿ ಮಕ್ಕಳನ್ನು ಎರಡು ಗುಂಪು ಮಾಡಿದರೆ ತಿಳಿದೀತು; ತಮ್ಮ ಕೂಸಿನ ತಲೆಯನ್ನು ಚೀಟಿಗೆ ಒಪ್ಪಿಸುವ ತಂದೆತಾಯಿಗಳು ಎಷ್ಟು ಮಂದಿ?

ಹಾಗಾದರೆ ಪ್ರತಿಯೊಂದು ಮಗುವಿಗೂ ವರ್ಷಕ್ಕೊಮ್ಮೆ ಸಿ.ಟಿ. ತೆಗೆದು ನೋಡಿದರಾಯಿತಲ್ಲ ಎನ್ನಬಹುದು. ಹಾಗೆ ಮಾಡಬಾರದು. ತಲೆಯ ಒಂದು ಸಿ.ಟಿ. ಚಿತ್ರಕ್ಕೆ ಸುಮಾರು 2 ಮಿಲಿಸೀವರ್ಟಿನಷ್ಟು ವಿಕಿರಣ ತಗಲುತ್ತದೆ. ಮಣ್ಣು, ಗಾಳಿ, ಆಕಾಶಗಳಿಂದ ಲೋಕದ ಜನರಿಗೆ ಇಡೀ ವರ್ಷದಲ್ಲಿ ಸರಾಸರಿ ತಗಲುವುದು 2.4. ದೊಡ್ಡವರಿಗೆ ಇದು ಅಷ್ಟಾಗಿ ಚಿಂತೆಯ ಮಾತಲ್ಲ. ಕೂಸಿನ ಜೀವಕೋಶಗಳು ವೇಗವಾಗಿ ಒಡೆಯುತ್ತ ಬೆಳೆಯುತ್ತಿರುತ್ತವೆ. ಕೆಡುಕು ಹೊರಬೀಳಲು ಅದರ ಮುಂದೆ ಇಡೀ ಆಯುಷ್ಯ ಬಿದ್ದಿರುತ್ತದೆ. ಬ್ರಿಟನ್ನಿನಲ್ಲಿ 1985ರಿಂದ 2002ರವರೆಗೆ ಚಿಕ್ಕ ವಯಸ್ಸಿನಲ್ಲಿ ಸಿ.ಟಿ. ಮಾಡಿಸಿಕೊಂಡ ಸುಮಾರು 1,80,000 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹತ್ತು ವರ್ಷದೊಳಗಿನ 10,000 ಮಕ್ಕಳ ತಲೆಗೆ ಒಂದೊಂದು ಸಿ.ಟಿ. ತೆಗೆದರೆ ಮುಂದಿನ ಹತ್ತು ವರ್ಷಗಳಲ್ಲಿ ಹೆಚ್ಚುವರಿಯಾಗಿ ಒಂದು ರಕ್ತದ ಕ್ಯಾನ್ಸರು, ಒಂದು ಮಿದುಳಿನ ಗೆಡ್ಡೆ ಉಂಟಾಗಬಹುದು. ಹತ್ತು ಸಾವಿರಕ್ಕೆ ಒಂದು ಎಂಬುದು ಚಿಕ್ಕ ಸಂಖ್ಯೆ. ಮಗುವಿನ ಪ್ರಾಣಕ್ಕೆ ಬೇಕಾದ ಚಿತ್ರವಾದರೆ ಅದನ್ನು ಲೆಕ್ಕಿಸಬೇಕಾಗಿಲ್ಲ. ಶಸ್ತ್ರ ಎಷ್ಟು ಚೆನ್ನಾಗಿ ಆಯಿತೆಂದು ತಿಳಿಯುವ ಕುತೂಹಲಕ್ಕಾಗಿ ಆರೋಗ್ಯವಾಗಿ ಆಡುವ ಮಗುವಿನ ತಲೆಗೆ ಮೇಲಿಂದ ಮೇಲೆ ಕಿರಣ ಹಾಯಿಸುವುದು ಮಾತ್ರ ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಈಗ ಬಹುಪಾಲು ವೈದ್ಯರ ಅಭಿಪ್ರಾಯವೂ ಅದೇ.

ಈ ಸಂದಿಗ್ಧವೇ ಹೊಸ ಉಪಾಯಗಳನ್ನು ಹುಟ್ಟಿಸಿತು. ಅವುಗಳಲ್ಲಿ ಅತ್ಯಂತ ಸರಳವಾದುದು ಛಾಯಾಚಿತ್ರ. ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಕೂದಲನ್ನು ಅದುಮಿಡುವ ಬಿಗಿಯಾದ ತೆಳು ಟೊಪ್ಪಿಗೆ ಹಾಕಿ, ಸುತ್ತ ನಿಲ್ಲಿಸಿದ ಹಲವು ಕ್ಯಾಮರಾಗಳಿಂದ ಒಂದೇ ಕ್ಷಣದಲ್ಲಿ ಚಿತ್ರ ತೆಗೆಯುತ್ತಾರೆ. ಸೆಕೆಂಡಿನ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಕಾಲ ಸಾಕಾಗುವುದರಿಂದ ಮಗು ಕೊಸರಾಡಿದರೂ ಚಿಂತೆಯಿಲ್ಲ. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಎರಡು ಕಡೆಯಿಂದ ನೋಡಿ ಅದರ ದೂರವನ್ನು ಅರಿಯುವಂತೆ ಗಣಕವು ಈ ಚಿತ್ರಗಳಿಂದ ತಲೆಯ ಹೊರಮೈಯನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ತಪ್ಪಿನಲ್ಲಿ ಕಟ್ಟಿಕೊಡುತ್ತದೆ. ವಿಕಿರಣವಿಲ್ಲ, ಮತ್ತು ಬರಿಸುವ ಔಷಧವಿಲ್ಲ, ಎಷ್ಟು ಸಲ ಬೇಕಾದರೂ ತೆಗೆಯಬಹುದು. ಕೊರತೆಯೆಂದರೆ ಇದಕ್ಕೆ ಕಾಣುವುದು ಚರ್ಮ, ಮೂಳೆಯಲ್ಲ. ಕೆಳಗೆ ಹೊಲಿಗೆ ಮತ್ತೆ ಬೆಸೆಯಿತೇ ಎಂಬುದನ್ನು ಇದು ಹೇಳದು. ಅದಕ್ಕಾಗಿ ಆಕ್ಸ್‌ಫರ್ಡಿನಲ್ಲಿ 2012ರಲ್ಲಿ ಎಂ.ಆರ್.ಐ. ಯಂತ್ರದಿಂದ ಹೊಸ ಬಗೆಯ ಚಿತ್ರವನ್ನು ತೆಗೆದರು. ಎಂ.ಆರ್.ಐ.ಗೆ ಮೂಳೆ ಕಾಣುವುದು ಕಷ್ಟ. ಸುತ್ತಲಿನ ಮೆದು ಅಂಗಗಳೆಲ್ಲ ಒಂದೇ ಬೂದುಬಣ್ಣಕ್ಕೆ ಬರುವಂತೆ ಯಂತ್ರವನ್ನು ಹೊಂದಿಸಿದರೆ ಮೂಳೆ ಕಪ್ಪಾಗಿ ಎದ್ದು ಕಾಣುತ್ತದೆ. ಆದ್ದರಿಂದಲೇ ಇದಕ್ಕೆ ‘ಕಪ್ಪು ಮೂಳೆ’ಯ ಚಿತ್ರವೆಂದು ಹೆಸರು. ವಿಕಿರಣ ಇಲ್ಲಿಯೂ ಇಲ್ಲ, ಆದರೆ ಮಗು ಹಲವು ನಿಮಿಷ ಕದಲದೆ ಮಲಗಬೇಕು. ಚಿಕ್ಕ ಮಕ್ಕಳಿಗೆ ಅನೇಕ ವೇಳೆ ಮತ್ತು ಬರಿಸದೆ ಅದು ಸಾಧ್ಯವಿಲ್ಲ. ತೀರ ಎಳೆಯ ಕೂಸುಗಳಲ್ಲಿ ಶ್ರವಣಾತೀತ ಧ್ವನಿಯಿಂದಲೇ ಹೊಲಿಗೆ ತೆರೆದಿದೆಯೇ ಎಂದು ನೋಡಬಹುದು.

ಇಷ್ಟೆಲ್ಲ ಚಿತ್ರಗಳಿಗೂ ಕಾಣದ ಒಂದು ಸಂಗತಿಯಿದೆ. ಅದು ಬುರುಡೆಯೊಳಗಿನ ಒತ್ತಡ. ಅದನ್ನು ನೇರವಾಗಿ ಅಳೆಯಬೇಕಾದರೆ ಮೂಳೆಯಲ್ಲಿ ರಂಧ್ರ ಕೊರೆದು ಸೂಕ್ಷ್ಮ ಮಾಪಕವನ್ನು ಇಳಿಸಿ ಒಂದೆರಡು ದಿನ ಬಿಡಬೇಕು. ಪ್ಯಾರಿಸಿನ ವೈದ್ಯರು ಹಾಗೆ ಅಳೆದು, ಗಾತ್ರ ಕಡಿಮೆಯಿರುವ ಬುರುಡೆಯಲ್ಲಿ ಒತ್ತಡ ಹೆಚ್ಚಿರಲೇಬೇಕೆಂಬ ನಿಯಮವಿಲ್ಲ ಎಂದು 1992ರಲ್ಲಿ ತೋರಿಸಿದರು. ಹೊರಗಿನಿಂದ ದುಂಡಗೆ ಕಾಣುವ ತಲೆಯೊಳಗೂ ಒತ್ತಡ ಏರಬಹುದು. ಬಿಡದೆ ಏರಿದರೆ ಮಗು ದೃಷ್ಟಿಯನ್ನು ಕಳೆದುಕೊಳ್ಳುವುದು. ಬುದ್ಧಿಯ ಬೆಳೆವಣಿಗೆಯ ಮಾತೂ ಚಿತ್ರದಿಂದ ಹೊರಗೆ ಉಳಿಯುತ್ತದೆ. ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ ಒಂದೇ ಹೊಲಿಗೆ ಬೆಸೆದಿದ್ದ ಮಕ್ಕಳನ್ನು ಏಳನೆಯ ವಯಸ್ಸಿನವರೆಗೆ ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಆ ಮಕ್ಕಳ ಸರಾಸರಿ ಅಂಕಗಳು ಇತರರಿಗಿಂತ ಸ್ವಲ್ಪ ಕೆಳಗಿದ್ದವು. ದೋಣಿತಲೆಯ ಮಕ್ಕಳಲ್ಲಿ ಮಾತ್ರ ಆ ಕೊರತೆ ಎಲ್ಲರಿಗಿಂತ ಕಡಿಮೆಯಾಗಿತ್ತು.

ಆದುದರಿಂದ ಇಂದು ಎಚ್ಚರದಿಂದ ನಡೆಯುವ ಆಸ್ಪತ್ರೆಗಳಲ್ಲಿ ಶಸ್ತ್ರಕ್ಕೆ ಮುಂಚೆ, ಅಗತ್ಯವಿದ್ದರೆ, ಕಡಿಮೆ ಕಿರಣದ ಒಂದು ಸಿ.ಟಿ. ತೆಗೆಯುತ್ತಾರೆ. ಆಮೇಲೆ ಮಗು ಬಂದಾಗಲೆಲ್ಲ ಟೊಪ್ಪಿಗೆ ಹಾಕಿ ಕ್ಯಾಮರಾಗಳ ನಡುವೆ ಕೂರಿಸುತ್ತಾರೆ. ಅದೇ ದಿನ ಕಣ್ಣಿನ ವೈದ್ಯನು ಪಾಪೆಯನ್ನು ಹಿಗ್ಗಿಸುವ ಹನಿ ಹಾಕಿ ದೀಪ ಹಿಡಿದು ಕಣ್ಣಿನ ಹಿಂಗೋಡೆಯನ್ನು ನೋಡುತ್ತಾನೆ. ದೃಷ್ಟಿನರವು ಕಣ್ಣನ್ನು ಹೊಗುವ ಸ್ಥಳದಲ್ಲಿ ಚಿಕ್ಕ ಬಿಲ್ಲೆಯೊಂದು ಕಾಣುತ್ತದೆ. ಬುರುಡೆಯೊಳಗೆ ಒತ್ತಡ ಏರಿದ್ದರೆ ಆ ಬಿಲ್ಲೆಯ ಅಂಚು ಬಾತು ಮಸುಕಾಗಿರುವುದು. ಅಂಚು ಸ್ಪಷ್ಟವಾಗಿದ್ದರೆ ಮಗುವನ್ನು ಮನೆಗೆ ಕಳುಹಿಸಿ, ಮುಂದಿನ ಸಲ ಮತ್ತೆ ನೋಡುತ್ತಾರೆ.